ಬೆಳೆದ ಬೆಕ್ಕಿಗೊಂದು ಮನೆ

ಬೆಕ್ಕು ಸಾಕಬೇಕೆನಿಸಿದವರು ಸಾಮಾನ್ಯವಾಗಿ ಮರಿಯನ್ನೇ ಹುಡುಕಿಕೊಂಡು ಹೋಗುತ್ತಾರೆ. ಬೆಳೆದ ಬೆಕ್ಕು ಹೊಸ ಮನೆಗೆ ಒಗ್ಗುವುದಿಲ್ಲ ಎಂಬ ನಂಬಿಕೆ ಹಳೆಯದು. ಆದರೆ 2011ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಪ್ರಧಾನಿಯ ನಿವಾಸವಾದ ಲಂಡನ್ನಿನ 10, ಡೌನಿಂಗ್ ಸ್ಟ್ರೀಟಿಗೆ ಇಲಿ ಹಿಡಿಯಲೆಂದು ಕರೆತಂದದ್ದು ಮರಿಯನ್ನಲ್ಲ. ಬೀದಿಯಲ್ಲಿ ಅಲೆದಿದ್ದ, ಸುಮಾರು ನಾಲ್ಕು ವರ್ಷದ ಲ್ಯಾರಿ ಎಂಬ ಗಂಡು ಬೆಕ್ಕನ್ನು. ಅದನ್ನು ದತ್ತು ಕೊಟ್ಟದ್ದು ಬ್ಯಾಟರ್ಸಿಯ ಆಶ್ರಯಧಾಮ. ಆ ದತ್ತುವಿನ ಹಿಂದೆ ನೂರೈವತ್ತು ವರ್ಷಗಳ ಇತಿಹಾಸವಿದೆ.

1860ರಲ್ಲಿ ಮೇರಿ ಟೀಲ್ಬಿ ಎಂಬ ಮಹಿಳೆ ಉತ್ತರ ಲಂಡನ್ನಿನ ಹಾಲೊವೇಯಲ್ಲಿ, ಕುದುರೆ ಲಾಯದ ಅಂಗಳವೊಂದರಲ್ಲಿ, ದಿಕ್ಕಿಲ್ಲದ ನಾಯಿಗಳಿಗೆ ಆಶ್ರಯ ತೆರೆದಳು. ಮನುಷ್ಯರೇ ಹಸಿದಿರುವ ನಗರದಲ್ಲಿ ನಾಯಿಗಳಿಗೆ ಧರ್ಮಛತ್ರವೇ ಎಂದು 'ಟೈಮ್ಸ್' ಪತ್ರಿಕೆ ಗೇಲಿ ಮಾಡಿತು. ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ವಾರಪತ್ರಿಕೆ ಮಾತ್ರ 1862ರಲ್ಲಿ ಆ ಪ್ರಯತ್ನವನ್ನು ಮೆಚ್ಚಿ ಲೇಖನ ಪ್ರಕಟಿಸಿತು. ಟೀಲ್ಬಿ 1865ರಲ್ಲಿ ತೀರಿಕೊಂಡರೂ ದಾನಿಗಳ ನೆರವಿನಿಂದ ಸಂಸ್ಥೆ ಉಳಿಯಿತು. 1871ರಲ್ಲಿ ಥೇಮ್ಸ್ ನದಿಯ ದಕ್ಷಿಣಕ್ಕಿರುವ ಬ್ಯಾಟರ್ಸಿಗೆ ಸ್ಥಳಾಂತರಗೊಂಡಿತು.

ಬೆಕ್ಕಿಗೆ ಅಲ್ಲಿ ಪ್ರವೇಶ ದೊರೆತದ್ದು 1883ರಲ್ಲಿ, ಎಂದರೆ ಇಪ್ಪತ್ತಮೂರು ವರ್ಷಗಳ ನಂತರ. ಬೀದಿಯಲ್ಲಿ ಅಲೆಯುವ ನಾಯಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಪೊಲೀಸರೂ ಅದನ್ನು ಹಿಡಿದು ತರುತ್ತಿದ್ದರು. ಬೆಕ್ಕು ಹಾಗಲ್ಲ. ಇಲಿ ಹಿಡಿದು ಹೇಗೋ ಬದುಕಿಕೊಳ್ಳುತ್ತದೆ ಎಂಬುದು ಜನರ ಸಮಾಧಾನ. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಕಡಲತೀರಕ್ಕೆ ಹೋಗುವ ಕುಟುಂಬಗಳು ಅದನ್ನು ಬೀದಿಗೆ ಬಿಟ್ಟು ಹೋಗುವುದೂ ಇತ್ತು. ಸ್ವತಂತ್ರ ಪ್ರಾಣಿಯೆಂಬ ಹೊಗಳಿಕೆಯೇ ಬೆಕ್ಕಿನ ಪಾಲಿಗೆ ಮುಳುವಾಗಿತ್ತು.

ಬೆಕ್ಕುಗಳಿಗಾಗಿಯೇ ದುಡಿಯುವ 'ಕ್ಯಾಟ್ಸ್ ಪ್ರೊಟೆಕ್ಷನ್ ಲೀಗ್' 1927ರಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ನಡೆದ ಸಭೆಯೊಂದರಲ್ಲಿ ಹುಟ್ಟಿತು. ಅದಾಗಿ ಹನ್ನೆರಡೇ ವರ್ಷಗಳಲ್ಲಿ ಕಠಿಣ ಪರೀಕ್ಷೆ ಎದುರಾಯಿತು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದೊಡನೆ, ಬಾಂಬು ಮತ್ತು ಆಹಾರದ ಅಭಾವಕ್ಕೆ ಹೆದರಿದ ಬ್ರಿಟನ್ನಿನ ಜನ ಲಕ್ಷಾಂತರ ಸಾಕು ಬೆಕ್ಕು, ನಾಯಿಗಳನ್ನು ತಾವೇ ಕೊಲ್ಲಿಸಿದರು. ಆಗ ಲಂಡನ್ನಿನ ಮೇಲೆ ಬಾಂಬಿನ ಸುರಿಮಳೆ ಇನ್ನೂ ಆರಂಭವೇ ಆಗಿರಲಿಲ್ಲ. ಬೆಳೆದ ಪ್ರಾಣಿಯನ್ನು ಇನ್ನೊಂದು ಮನೆಗೆ ಸೇರಿಸುವ ವ್ಯವಸ್ಥೆ ಎಷ್ಟು ದುರ್ಬಲವಾಗಿತ್ತೆಂಬುದು ಆ ಒಂದು ವಾರದಲ್ಲಿ ಬಯಲಾಯಿತು.

ಇಂದು ಇಂಥ ಕೆಲಸದ ಬಹುಭಾಗ ಸ್ವಯಂಸೇವಕರ ಹೆಗಲ ಮೇಲಿದೆ. ಅವರು ಬೆಕ್ಕನ್ನು ತಮ್ಮ ಮನೆಯಲ್ಲೇ ಕೆಲಕಾಲ ಇಟ್ಟುಕೊಂಡು, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಕೊಡಿಸಿ, ಅದರ ಸ್ವಭಾವವನ್ನು ಗಮನಿಸುತ್ತಾರೆ. ಬೆಳೆದ ಬೆಕ್ಕಿನ ದೊಡ್ಡ ಅನುಕೂಲವೂ ಇದೇ. ಮರಿ ಮುಂದೆ ಏನಾದೀತೆಂದು ಊಹಿಸಬೇಕು. ಬೆಳೆದದ್ದು ಮಕ್ಕಳನ್ನು ಸಹಿಸುತ್ತದೆಯೇ, ನಾಯಿಗೆ ಹೆದರುತ್ತದೆಯೇ, ತೊಡೆಯೇರುತ್ತದೆಯೇ ಎಂಬುದು ಮೊದಲೇ ತಿಳಿದಿರುತ್ತದೆ. ಬೇಟೆಯ ಹುರುಪಿನ ಬೆಕ್ಕು ಎಂದೇ ಲ್ಯಾರಿಯನ್ನು ಆರಿಸಿದ್ದು.

ಇದಕ್ಕೆ ಬೇಕಾದದ್ದು ತಾಳ್ಮೆ. ಬೆಕ್ಕು ಮೊದಲು ಪರಿಚಯ ಮಾಡಿಕೊಳ್ಳುವುದು ಜಾಗದೊಂದಿಗೆ, ಆಮೇಲೆ ಜನರೊಂದಿಗೆ. ಆದ್ದರಿಂದ ಹೊಸದಾಗಿ ತಂದ ಬೆಕ್ಕನ್ನು ಕೆಲವು ದಿನ ಒಂದೇ ಕೋಣೆಯಲ್ಲಿ, ಅಡಗಲು ಮರೆಯೊಂದನ್ನು ಕೊಟ್ಟು ಇರಿಸುವುದು, ಕೆಲವು ವಾರ ಹೊರಗೆ ಬಿಡದಿರುವುದು ರೂಢಿ. ಮಂಚದ ಕೆಳಗೆ ಅವಿತ ಬೆಕ್ಕನ್ನು ಎಳೆದು ಮುದ್ದಿಸಹೊರಟವರು ಸಾಮಾನ್ಯವಾಗಿ ಸೋಲುತ್ತಾರೆ.

2016ರ ಜುಲೈನಲ್ಲಿ ಡೇವಿಡ್ ಕ್ಯಾಮರನ್ ಅಧಿಕಾರ ಬಿಟ್ಟು ಹೊರಟಾಗ ಲ್ಯಾರಿ ಅವರ ಜೊತೆ ಹೋಗಲಿಲ್ಲ. ಅದು ಆ ಮನೆಯ ಬೆಕ್ಕು, ಸಿಬ್ಬಂದಿಗೆ ಪ್ರಿಯವಾದದ್ದು ಎಂದು ಕ್ಯಾಮರನ್ ಸಂಸತ್ತಿನಲ್ಲಿ ಹೇಳಿದರು. ಬೆಂಗಳೂರಿನ ಅಳಿಯ ರಿಷಿ ಸುನಕ್ 2022ರಲ್ಲಿ ಪ್ರಧಾನಿಯಾದಾಗ ಅವರ ನಾಯಿ ನೋವಾ ಜೊತೆ ಲ್ಯಾರಿಗೆ ಜಗಳವಾಯಿತು. ಗೆದ್ದದ್ದು ಬೆಕ್ಕೇ ಎಂಬ ಸುದ್ದಿಯೂ ಹೊರಬಿತ್ತು. 2024ರಲ್ಲಿ ಕೀರ್ ಸ್ಟಾರ್ಮರ್ ಬರುವ ಹೊತ್ತಿಗೆ ಲ್ಯಾರಿ ಕಂಡ ಪ್ರಧಾನಿಗಳ ಸಂಖ್ಯೆ ಆರಕ್ಕೇರಿತ್ತು. ಒಗ್ಗುವುದಿಲ್ಲವೆಂದು ಜನ ಹಿಂಜರಿಯುವ ವಯಸ್ಸಿನಲ್ಲಿ ಬಂದ ಬೆಕ್ಕು, ಆ ಮನೆಗೆ ಯಾವ ಪ್ರಧಾನಿಗಿಂತಲೂ ಚೆನ್ನಾಗಿ ಒಗ್ಗಿಕೊಂಡಿತು.