ಉಂಗುರದ ಹೆಸರುಗಳು: ಕಾಂಗೇಯದಿಂದ ಚೀನಾ, ಜಪಾನಿನವರೆಗೆ

ಕಾಂಗೇಯವೆಂದೊಡನೆ ನಮ್ಮ ಭಾಗದವರಿಗೆ ಮೊದಲು ನೆನಪಾಗುವುದು ಎತ್ತು. ಆದರೆ ತಿರುಪ್ಪೂರಿನಿಂದ ಕಾಂಗೇಯಕ್ಕೆ ಹೋಗುವ ದಾರಿಯಲ್ಲಿರುವ ಪಡಿಯೂರಿಗೆ ಇನ್ನೊಂದು ಹಳೆಯ ಕೀರ್ತಿಯುಂಟು. ಕಡಲ ನೀರಿನ ಬಣ್ಣದ ಬೆರಿಲ್ ಎಂಬ ಹರಳು, ಅಂದರೆ ಹಿಂದಿನವರು ವೈಡೂರ್ಯವೆಂದು ಕರೆದ ಕಲ್ಲು, ಆ ನೆಲದಲ್ಲಿ ದೊರೆಯುತ್ತಿತ್ತು. 19ನೆಯ ಶತಮಾನದ ಆರಂಭದಲ್ಲಿಯೂ ಅದನ್ನು ಅಲ್ಲಿ ಅಗೆದು ತೆಗೆಯುತ್ತಿದ್ದರು. ನೊಯ್ಯಲ್ ನದಿಯ ದಂಡೆಯ ಕೊಡುಮಣಲಿನಲ್ಲಿ ನಡೆದ ಉತ್ಖನನಗಳಲ್ಲಿ ಇಂತಹ ಹರಳುಗಳನ್ನು ಕಡೆದು, ಉಜ್ಜಿ, ತೂತು ಕೊರೆಯುತ್ತಿದ್ದ ಕುಶಲಕರ್ಮಿಗಳ ನೆಲೆಯೇ ಬೆಳಕಿಗೆ ಬಂದಿತು. ಸಂಗಂ ಕಾಲದ ‘ಪದಿಟ್ರುಪ್ಪತ್ತು’ ಈ ಊರನ್ನು ಒಡವೆಗಳಿಗಾಗಿ ಹೊಗಳಿದೆ. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಬರಹಗಾರ ಪ್ಲಿನಿಯು ಬೆರಿಲ್ ಭಾರತದಲ್ಲಲ್ಲದೆ ಬೇರೆಡೆ ದೊರೆಯುವುದು ಅಪರೂಪವೆಂದು ಬರೆದಿದ್ದಾನೆ. ಕೊಯಮತ್ತೂರಿಗೆ ಸೇರಿದಂತಿರುವ ವೆಳ್ಳಲೂರಿನಲ್ಲಿ 1842ರಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳು ಈ ವ್ಯಾಪಾರದ ಕಾಲವನ್ನು ನೆನಪಿಗೆ ತರುತ್ತವೆ.

ರೋಮಿನ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಪೂರ್ವದಿಕ್ಕಿಗೆ ಹೋದ ಕಥೆಯನ್ನು ಕೇಳಿದವರು ಕಡಿಮೆ. ಚೀನಾದ ಹಾನ್ ವಂಶದ ಇತಿಹಾಸವನ್ನು ಒಂದನೆಯ ಶತಮಾನದಲ್ಲಿ ಬರೆದ ಬಾನ್ ಗು, ಸಮ್ರಾಟನ ದೂತರು ಚಿನ್ನ ಮತ್ತು ರೇಷ್ಮೆಗಳನ್ನು ಹೊತ್ತು ದಕ್ಷಿಣ ಸಮುದ್ರದ ‘ಹುವಾಂಗ್‌ಝಿ’ ಎಂಬ ನಾಡಿನ ಕಡೆಗೆ ಹೊರಟುದನ್ನು ಹೇಳುತ್ತಾನೆ. ಅದು ನಮ್ಮ ಕಾಂಚಿಯೇ ಎಂಬುದು ಹಲವು ವಿದ್ವಾಂಸರ ಮತ. ಅವರು ಕೊಳ್ಳಬಯಸಿದ ವಸ್ತುಗಳಲ್ಲಿ ಮುತ್ತಿನೊಡನೆ ‘ಬಿಲಿಯುಲಿ’ ಎಂಬುದೊಂದಿದೆ. ಪ್ರಾಕೃತದ ‘ವೇಳುರಿಯ’ವೇ ಚೀನೀ ನಾಲಗೆಯಲ್ಲಿ ಹೀಗೆ ಉರುಳಿತು. ಸಂಸ್ಕೃತದ ವೈಡೂರ್ಯವೂ ಇದೇ ಕುಲದ್ದು. ಈ ಕುಲದ ಮೂಲ ದ್ರಾವಿಡವೆಂದು ಹೇಳುವವರಿದ್ದಾರೆ. ಮುಂದೆ ಬಿಲಿಯುಲಿಯು ಮೊದಲ ಅಕ್ಷರವನ್ನು ಕಳೆದುಕೊಂಡು ‘ಲಿಯುಲಿ’ಯಾಯಿತು; ಹರಳಿನ ಹೆಸರು ಗಾಜಿಗೂ, ಹೊಳಪಿನ ಹೆಂಚಿಗೂ ಸಂದಿತು. ಬೀಜಿಂಗಿನಲ್ಲಿ ಹಳೆಯ ಪುಸ್ತಕಗಳಿಗೆ ಹೆಸರಾದ ‘ಲಿಯುಲಿಚಾಂಗ್’ ಬೀದಿಗೆ ಆ ಹೆಸರು ಬಂದುದು ಅಲ್ಲಿದ್ದ ಹೆಂಚಿನ ಗೂಡುಗಳಿಂದ. ಜಪಾನಿಗೆ ಹೋದ ಅದೇ ಪದ ‘ರುರಿ’ ಎಂದಾಗಿ ಕಡುನೀಲಿಯ ಲಾಜವರ್ದ ಕಲ್ಲನ್ನು ಹೆಸರಿಸಿತು. ಇತ್ತ ನಮ್ಮ ಒಡವೆಯಂಗಡಿಗಳ ನವರತ್ನದ ಉಂಗುರದಲ್ಲಿ ಕೇತುವಿನ ಸ್ಥಾನದಲ್ಲಿ ಕೂರುವ ವೈಡೂರ್ಯವೂ ಹಳೆಯ ವೈಡೂರ್ಯವಲ್ಲ, ಬೆಕ್ಕಿನ ಕಣ್ಣಿನಂತೆ ಗೆರೆ ಹೊಳೆಯುವ ಬೇರೊಂದು ಹರಳು. ಹೆಸರು ಉಳಿಯಿತು, ಕಲ್ಲು ಊರೂರಿಗೆ ಬದಲಾಯಿತು.

ಹರಳಿನ ಹೆಸರಿಗೆ ಆದುದು ಉಂಗುರದ ಹೆಸರಿಗೂ ಆಗಿದೆಯೇ? ಮೊದಲು ನಮ್ಮ ಮನೆಯ ಪದಗಳನ್ನೇ ನೋಡೋಣ. ಕನ್ನಡದ ಉಂಗುರಕ್ಕೆ ತೆಲುಗಿನ ಉಂಗರಮು, ತುಳುವಿನ ಉಂಗಿಲ ಹತ್ತಿರದ ನೆಂಟರು. ನಮ್ಮ ನೆರೆಯ ತಮಿಳಾದರೋ ‘ಮೋದಿರಂ’ ಎನ್ನುತ್ತದೆ. ಇದು ಮುದ್ರೆ ಎಂಬ ಮಾತಿನಿಂದ ಬಂದುದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕರೂರಿನ ಬಳಿ ಅಮರಾವತಿಯ ಪಾತ್ರದಲ್ಲಿ ತಮಿಳು ಬ್ರಾಹ್ಮಿಯಲ್ಲಿ ಹೆಸರು ಕೊರೆದ ಮುದ್ರೆಯುಂಗುರಗಳು ದೊರೆತಿವೆ. ಓಲೆಗೆ ಒತ್ತಿದರೆ ಒಡೆಯನ ಮಾತೇ ಆಗುವ ವಸ್ತುವಿಗೆ ಮುದ್ರೆಯ ಹೆಸರು ಸಲ್ಲುವುದು ಸಹಜ. ಲಂಕೆಯಲ್ಲಿ ಸೀತೆಯ ಕೈ ಸೇರಿದ ಮುದ್ರಿಕೆಯಾಗಲಿ, ರಾಕ್ಷಸಮಂತ್ರಿಯನ್ನು ಚಾಣಕ್ಯನ ಬಲೆಗೆ ಕೆಡವಿದ ಮುದ್ರೆಯುಂಗುರವಾಗಲಿ ಒಡವೆಯೆಂದು ಮುಖ್ಯವಾದುವಲ್ಲ, ಸಾಕ್ಷಿಯೆಂದು ಮುಖ್ಯವಾದುವು. ಆ ಎರಡನೆಯ ಕಥೆಯನ್ನೇ ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಗದ್ಯವಾಗಿ ಕನ್ನಡಕ್ಕೆ ಕೊಟ್ಟನು. ನಮ್ಮ ನಾಡಿನಲ್ಲಿ ಉಂಗುರವೆಂದರೆ ನಂಬಿಕೆಯ ಗುರುತು.

ಚೀನೀಯರಲ್ಲಿ ಉಂಗುರ ಮಾತನ್ನೇ ಆಡುತ್ತದೆ. ಅವರ ಪ್ರಾಚೀನರಿಗೆ ಚಿನ್ನಕ್ಕಿಂತ ಪ್ರಿಯವಾದುದು ಜೇಡ್ ಎಂಬ ಹಸಿರು ಶಿಲೆ. ಅದನ್ನು ಬಳೆಯಾಕಾರದಲ್ಲಿ ಕೊರೆದು ನಡುಪಟ್ಟಿಗೆ ತೂಗಿಬಿಡುತ್ತಿದ್ದರು. ‘ಅರ್‌ಯಾ’ ಎಂಬ ಹಳೆಯ ನಿಘಂಟು ಇವುಗಳನ್ನು ಅಳತೆಯಿಂದಲೇ ಹೆಸರಿಸುತ್ತದೆ: ಕಲ್ಲಿನ ಅಗಲ ನಡುವಣ ತೂತಿನ ಎರಡರಷ್ಟಿದ್ದರೆ ‘ಬಿ’, ತೂತು ಕಲ್ಲಿನ ಎರಡರಷ್ಟಿದ್ದರೆ ‘ಯುವಾನ್’, ಎರಡೂ ಸಮವಾಗಿದ್ದರೆ ‘ಹ್ವಾನ್’. ಇನ್ನೊಂದು ಬಗೆಯಲ್ಲಿ ವೃತ್ತ ಪೂರ್ಣವಾಗುವುದಿಲ್ಲ. ಒಂದೆಡೆ ಸೀಳು ಬಿಟ್ಟಿರುತ್ತದೆ. ಅದು ‘ಜ್ಯುವೇ’.

ಹ್ವಾನ್ ಎಂದರೆ ಬಳೆ. ಅದೇ ಉಚ್ಚಾರದ ಇನ್ನೊಂದು ಪದಕ್ಕೆ ಮರಳಿ ಬರುವುದೆಂದು ಅರ್ಥ. ಜ್ಯುವೇ ಎಂದರೆ ಸೀಳುಬಳೆ. ಅದೇ ಧ್ವನಿಯಲ್ಲಿ ಕಡಿದುಕೊಳ್ಳುವುದು, ನಿಶ್ಚಯಿಸುವುದು ಎಂಬ ಅರ್ಥಗಳೂ ಕೇಳಿಸುತ್ತವೆ. ನಮ್ಮ ಕವಿಗಳ ಶ್ಲೇಷೆ ಓದುಗನ ತಲೆದೂಗಿಸಲು ಹುಟ್ಟಿದ್ದು. ಅಲ್ಲಿ ಶ್ಲೇಷೆಯೇ ರಾಜಾಜ್ಞೆಯಾಯಿತು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಶೂನ್‌ಜಿ ಎಂಬ ಚಿಂತಕನ ಗ್ರಂಥದಲ್ಲಿ ಈ ಕಟ್ಟಳೆ ಸ್ಪಷ್ಟವಾಗಿದೆ: ಸಂಬಂಧ ಕಡಿಯಬೇಕಾದವನಿಗೆ ಜ್ಯುವೇ ಕಳುಹಿಸಬೇಕು; ಕಡಿದ ಸಂಬಂಧವನ್ನು ಮರಳಿ ಕೂಡಿಸುವಾಗ ಹ್ವಾನ್ ಕಳುಹಿಸಬೇಕು. ದೂರ ತಳ್ಳಿದ ಮಂತ್ರಿಗೆ ಪತ್ರವೇ ಬೇಕಿರಲಿಲ್ಲ.

ಇದು ಬರಿಯ ಶಾಸ್ತ್ರವಾಗಿ ಉಳಿಯಲಿಲ್ಲ. ಕ್ರಿ.ಪೂ. 660ರಲ್ಲಿ ಜಿನ್ ರಾಜ್ಯದ ದೊರೆ ಶಿಯೆನ್ ತನ್ನ ಹಿರಿಯ ಮಗ ಶೆನ್‌ಶೆಂಗನನ್ನು ಯುದ್ಧಕ್ಕೆ ಕಳುಹಿಸುವಾಗ ಎರಡು ಬಣ್ಣದ ಉಡುಪು ತೊಡಿಸಿ, ಸೊಂಟಕ್ಕೆ ಲೋಹದ ಜ್ಯುವೇ ಕಟ್ಟಿಸಿದನು. ಜೊತೆಗಿದ್ದ ಸರದಾರರು ಅದನ್ನು ಕಂಡೊಡನೆ ತಂದೆಯ ಮನಸ್ಸನ್ನು ಓದಿದರು: ಮಗ ಮರಳಬೇಕೆಂಬ ಆಸೆ ದೊರೆಗಿಲ್ಲ. ಅವನು ಯುದ್ಧದಿಂದ ಮರಳಿದನಾದರೂ ಕೆಲವೇ ವರ್ಷಗಳಲ್ಲಿ ಅಂತಃಪುರದ ಸಂಚಿಗೆ ಸಿಕ್ಕಿ ತಾನೇ ಪ್ರಾಣ ಬಿಟ್ಟನು. ಚಿಕ್ಕ ಹೆಂಡತಿಯ ಮಗನಿಗಾಗಿ ಹಿರಿಯ ಮಗನನ್ನು ಹೊರದೂಡುವ ಕಥೆ ರಾಮಾಯಣ ಕೇಳಿ ಬೆಳೆದ ನಮಗೆ ಹೊಸದಲ್ಲ. ಆದರೆ ದಶರಥನು ಅಳುತ್ತ ಕಳುಹಿಸಿದನು, ಈತ ಸೀಳುಬಳೆ ಕಟ್ಟಿ ಕಳುಹಿಸಿದನು.

ಇನ್ನೊಂದು ಪ್ರಸಂಗ ಕ್ರಿ.ಪೂ. 206ರ ಹೊಂಗ್‌ಮೆನ್ ಔತಣದ್ದು. ಎದುರಾಳಿ ಲಿಯು ಬಾಂಗ್ ಔತಣಕ್ಕೆ ಬಂದು ಕೂತಿದ್ದಾನೆ. ಮುದಿ ಮಂತ್ರಿ ಫಾನ್ ಝೆಂಗ್ ತನ್ನೊಡೆಯ ಶಿಯಾಂಗ್ ಯುವಿಗೆ ಕಾಣುವಂತೆ ಸೊಂಟದ ಜ್ಯುವೇಯನ್ನು ಮೂರು ಸಲ ಎತ್ತಿ ತೋರಿಸಿದನು. ನಿಶ್ಚಯ ಮಾಡು, ಇವನನ್ನು ಮುಗಿಸು ಎಂದು ಅದರ ಅರ್ಥ. ಒಡೆಯ ಸುಮ್ಮನಿದ್ದನು. ತಪ್ಪಿಸಿಕೊಂಡು ಹೋದ ಲಿಯು ಬಾಂಗನೇ ಮುಂದೆ ಹಾನ್ ವಂಶದ ಮೊದಲ ಸಮ್ರಾಟನಾದನು. ಬಿಲಿಯುಲಿ ಹುಡುಕುತ್ತ ದಕ್ಷಿಣ ಸಮುದ್ರಕ್ಕೆ ಹಡಗೇರಿದ ದೂತರು ಅದೇ ವಂಶದವರ ಸೇವಕರು. ಈ ಬೆಳಕಿನಲ್ಲಿ ಶಕುಂತಲೆಯ ಕಥೆಯನ್ನು ನೆನೆದರೆ, ನೀರಿನಲ್ಲಿ ಬಿದ್ದುಹೋದಾಗ ಅವಳ ಉಂಗುರ ಜ್ಯುವೇಯಾಯಿತು, ಮೀನಿನ ಹೊಟ್ಟೆಯಿಂದ ಬಂದಾಗ ಹ್ವಾನ್ ಆಯಿತು ಎನ್ನಬಹುದು.

ಬೆರಳಿಗೆ ತೊಡುವ ಉಂಗುರಕ್ಕೆ ಚೀನಾದಲ್ಲಿ ಎರಡು ಹೆಸರುಗಳುಂಟು. ‘ಝಿಹ್ವಾನ್’ ಎಂದರೆ ಬೆರಳಬಳೆ. ಹೆಚ್ಚು ಬಳಕೆಯಲ್ಲಿರುವ ‘ಜಿಯೆಝಿ’ಯಲ್ಲಿ ಮೊದಲ ಅಕ್ಷರಕ್ಕೆ ಎಚ್ಚರ, ಸಂಯಮ, ವರ್ಜನೆ ಎಂದರ್ಥ, ಎರಡನೆಯದಕ್ಕೆ ಬೆರಳು. ಅರಮನೆಯ ರಾಣಿವಾಸದಲ್ಲಿ ಯಾರು ದೊರೆಯ ಬಳಿ ಹೋಗಬೇಕು, ಗರ್ಭಿಣಿಯಾದ ಯಾರು ದೂರವಿರಬೇಕು ಎಂಬುದನ್ನು ಬೆಳ್ಳಿ, ಚಿನ್ನದ ಬಳೆಗಳಿಂದ ತಿಳಿಸುತ್ತಿದ್ದರೆಂದು ಹಾನ್ ಕಾಲದ ವ್ಯಾಖ್ಯಾನವೊಂದು ಹೇಳುತ್ತದೆ. ‘ಸಂಯಮದ ಬೆರಳು’ ಎಂಬ ಹೆಸರಿಗೆ ಈ ಪದ್ಧತಿಯೇ ಮೂಲವೆಂದು ಮುಂದಿನವರು ವಿವರಿಸಿದರು. ಇಂದು ಮದುವೆಯ ಉಂಗುರವನ್ನೂ ಅದೇ ಹೆಸರಿನಿಂದ ಕೊಳ್ಳುತ್ತಾರೆ. ಅಂಗಡಿಯಲ್ಲಿ ಯಾರೂ ಆ ಅರ್ಥವನ್ನು ನೆನೆಯಲಾರರು. ನಾವೂ ಮುದ್ರೆಯನ್ನು ನೆನೆಯುವುದಿಲ್ಲವಷ್ಟೆ.

ಉಂಗುರ ತೊಡುವ ಬೆರಳಿನ ವಿಷಯದಲ್ಲಿ ಮಾತ್ರ ಅವರೂ ನಾವೂ ಆಶ್ಚರ್ಯಕರವಾಗಿ ಒಂದಾಗಿದ್ದೇವೆ. ಸಂಸ್ಕೃತದಲ್ಲಿ ಅದು ಅನಾಮಿಕಾ, ಹೆಸರಿಲ್ಲದ್ದು. ಚೀನೀಯರಿಗೂ ಅದು ‘ವೂಮಿಂಗ್‌ಝಿ’, ಹೆಸರಿಲ್ಲದ ಬೆರಳು. ಹೆಸರಿಲ್ಲದ ಬೆರಳು ಸೊಟ್ಟಗಾದರೆ ಅದನ್ನು ನೆಟ್ಟಗೆ ಮಾಡಿಸಲು ಮನುಷ್ಯ ದೂರದ ರಾಜ್ಯಗಳಿಗೂ ಹೋಗುತ್ತಾನೆ, ಮನಸ್ಸು ಸೊಟ್ಟಗಾದರೆ ಚಿಂತಿಸುವುದಿಲ್ಲ ಎಂದು ಮೆನ್ಶಿಯಸ್ ಮುನಿಯು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಚುಚ್ಚಿದ್ದನು. ಜಪಾನೀಯರು ಅದನ್ನು ‘ಕುಸುರಿಯುಬಿ’, ಮದ್ದಿನ ಬೆರಳು ಎನ್ನುತ್ತಾರೆ. ಔಷಧವನ್ನು ಕಲಸುವುದು, ಹಚ್ಚುವುದು ಆ ಬೆರಳಿನಿಂದ. ಅವರ ಔಷಧಬುದ್ಧನಿಗೆ ‘ಯಕುಶಿ’ಯೆಂದು ಹೆಸರು, ಪೂರ್ಣನಾಮದಲ್ಲಿ ‘ರುರಿ’ಯೂ ಸೇರುತ್ತದೆ: ವೈಡೂರ್ಯಪ್ರಭೆಯ ವೈದ್ಯರಾಜ. ಪಡಿಯೂರಿನ ಹರಳಿನ ಹೆಸರು ನಾರಾ ನಗರದ ಯಕುಶಿ ದೇವಾಲಯದಲ್ಲಿ ದೇವರ ಹೆಸರಾಗಿ ಕೂತಿದೆ! ನಮ್ಮಲ್ಲಿ ಶ್ರಾದ್ಧ, ಹೋಮಗಳಲ್ಲಿ ದರ್ಭೆಯ ‘ಪವಿತ್ರ’ವನ್ನು ತೊಡುವುದೂ ಅನಾಮಿಕೆಗೇ. ಹುಲ್ಲಿನ ಉಂಗುರ; ಕರ್ಮ ಮುಗಿದೊಡನೆ ಬಿಚ್ಚಿ ಹಾಕುವಂಥದು. ಜಪಾನಿನಲ್ಲಿಯೂ ಹುಲ್ಲಿನ ಬಳೆಯೊಂದಿದೆ, ಆದರೆ ಆಳೆತ್ತರದ್ದು. ಜೂನ್ ಕೊನೆಯಲ್ಲಿ ಶಿಂಟೋ ದೇವಾಲಯಗಳ ಮುಂದೆ ‘ಚಿನೊವಾ’ ನಿಲ್ಲಿಸುತ್ತಾರೆ. ಭಕ್ತರು ಅದರೊಳಗಿಂದ ಮೂರು ಸಲ ಹಾದು ಅರ್ಧ ವರ್ಷದ ಕೊಳೆಯನ್ನು ಕಳೆದುಕೊಳ್ಳುತ್ತಾರೆ. ಒಂದೆಡೆ ಬೆರಳು ಬಳೆಯನ್ನು ತೂರುತ್ತದೆ, ಇನ್ನೊಂದೆಡೆ ಇಡೀ ಮನುಷ್ಯನೇ ತೂರುತ್ತಾನೆ.

ಚಿನೊವಾದ ‘ವಾ’ವೇ ಜಪಾನೀ ಉಂಗುರದಲ್ಲಿಯೂ ಇರುವುದು. ‘ಯುಬಿ’ ಬೆರಳು, ‘ವಾ’ ಚಕ್ರ ಅಥವಾ ಬಳೆ; ಸೇರಿ ‘ಯುಬಿವಾ’. ಸಾಮರಸ್ಯಕ್ಕೂ ‘ವಾ’ ಎಂದೇ ಅನ್ನುತ್ತಾರೆ. ಹುಟ್ಟಿನಲ್ಲಿ ಬೇರೆ ಪದವಾದರೂ ಕಿವಿಗೆ ಎರಡೂ ಒಂದೇ. ತಮಿಳಿನ ‘ಆಳಿ’ಯೂ ಇಂತಹುದೇ: ಚಕ್ರ, ಉಂಗುರ, ಕಡಲು ಎಲ್ಲವೂ ಅದರಲ್ಲಿವೆ. ಹನುಮಂತನು ಒಯ್ದ ಉಂಗುರ ತಮಿಳಿನಲ್ಲಿ ‘ಕಣೈಯಾಳಿ’. ಇಷ್ಟು ಚೆಲುವಾದ ಪದವಿದ್ದೂ ಜಪಾನೀಯರು ಸಾವಿರ ವರ್ಷಗಳಷ್ಟು ಕಾಲ ಉಂಗುರವನ್ನು ಬಹುಮಟ್ಟಿಗೆ ತೊಡಲೇ ಇಲ್ಲ. ಒಕಿನೊಶಿಮಾ ದ್ವೀಪದಲ್ಲಿ ಪ್ರಾಚೀನ ಚಿನ್ನದ ಉಂಗುರ ದೊರೆತಿದೆ. ಆದರೆ ಎಂಟನೆಯ ಶತಮಾನದ ಬಳಿಕ ಉಂಗುರ, ಕಂಠಹಾರಗಳು ಅಲ್ಲಿನ ಉಡುಗೆಯಿಂದ ಮರೆಯಾದುವು. ಲೋಹಕುಶಲಿಗಳ ಕೈಚಳಕ ಕತ್ತಿಯ ಹಿಡಿಗೂ ಮುಡಿಯ ಕಡ್ಡಿಗೂ ಮೀಸಲಾಯಿತು. 1876ರಲ್ಲಿ ಸರಕಾರವು ಸಮುರಾಯಿಗಳು ಕತ್ತಿ ಧರಿಸುವುದನ್ನು ನಿಷೇಧಿಸಿದಾಗ ಕೆಲಸ ಕಳೆದುಕೊಂಡ ಕುಶಲಿಗಳಲ್ಲಿ ಕೆಲವರು ಪಾಶ್ಚಾತ್ಯ ಮಾದರಿಯ ಒಡವೆಗಳತ್ತ ತಿರುಗಿದರು. ವಜ್ರದ ನಿಶ್ಚಿತಾರ್ಥದುಂಗುರವಂತೂ ತೀರ ಈಚಿನದು: 1967ರಲ್ಲಿ ನಿಶ್ಚಿತಾರ್ಥವಾದ ಜಪಾನೀ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಐವರಿಗೆ ಮಾತ್ರ ಅದು ದೊರೆಯುತ್ತಿತ್ತು, 1981ರ ಹೊತ್ತಿಗೆ ನೂರಕ್ಕೆ 60 ಮಂದಿಗೆ. ವ್ಯಾಪಾರಿಗಳ ಜಾಹೀರಾತು ಹದಿನಾಲ್ಕು ವರ್ಷಗಳಲ್ಲಿ ಒಂದು ‘ಸಂಪ್ರದಾಯ’ವನ್ನು ಹುಟ್ಟಿಸಿತು. ನಮ್ಮ ನಿಶ್ಚಿತಾರ್ಥಗಳಲ್ಲಿ ವೀಳ್ಯ ಬದಲಾಯಿಸಿಕೊಳ್ಳುವುದರ ಪಕ್ಕಕ್ಕೆ ಉಂಗುರ ಬದಲಾಯಿಸಿಕೊಳ್ಳುವುದು ಬಂದು ಕೂತ ಬಗೆಯನ್ನು ಕಂಡವರಿಗೆ ಇದು ಅರ್ಥವಾಗುತ್ತದೆ.

ವಸ್ತು ಬೇಗ ಊರು ದಾಟುತ್ತದೆ. ಅದರ ಅರ್ಥ ಪದವನ್ನು ಹಿಡಿದುಕೊಂಡು ಮನೆಯಲ್ಲಿ ಉಳಿಯುತ್ತದೆ ಎಂದು ನಾನು ತಿಳಿದಿದ್ದೇನೆ. ಕೊಯಮತ್ತೂರು ಸೀಮೆಯ ಕನ್ನಡಿಗರಿಗೆ ಇದು ನಿತ್ಯದ ಪ್ರಶ್ನೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ಇದೇ ಜಿಲ್ಲೆಯ ತಾಲ್ಲೂಕಾಗಿತ್ತು. ಅದು ಮೈಸೂರಿಗೆ ಸೇರಿತು. ತಲೆಮಾರುಗಳಿಂದ ಮಗ್ಗ ಹೂಡಿಕೊಂಡಿದ್ದ ದೇವಾಂಗರೂ, ಒಕ್ಕಲು ಮಾಡಿಕೊಂಡಿದ್ದವರೂ ಇಲ್ಲಿಯೇ ಉಳಿದರು. ಕಲಿಕೆ ತಮಿಳಿನಲ್ಲಿ, ವ್ಯಾಪಾರ ತಮಿಳಿನಲ್ಲಿ, ಕನ್ನಡ ಅಡುಗೆಮನೆಯಲ್ಲಿ. ಅಂಗಡಿಗೆ ಹೋದರೆ ಮೋದಿರಂ ಕೊಳ್ಳುತ್ತೇವೆ; ಬೆರಳಿಗೆ ತೊಟ್ಟ ಮೇಲೆ ಅದು ಉಂಗುರ. ಮದುವೆಯಾದ ಹೆಣ್ಣುಮಕ್ಕಳು ತೊಡುವ ಬಳುಕಿನ ಉಂಗುರವನ್ನು ಇಲ್ಲಿ ‘ನೆಳಿ’ ಎನ್ನುತ್ತಾರೆ. ಅದಕ್ಕೆ ವಂಕಿ ಎಂಬ ಮಾತುಂಟೆಂದು ನಮ್ಮ ಹೊಸ ಸೊಸೆಯಂದಿರಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಕಾಲ್ಬೆರಳಿನದಕ್ಕೆ ತಮಿಳಿನಲ್ಲಿ ಮೆಟ್ಟಿ, ಮಿಂಜಿ. ಕನ್ನಡದಲ್ಲಿ ಕಾಲುಂಗುರ, ಮಿಂಚು. ಮಿಂಜಿ, ಮಿಂಚುಗಳು ಒಡಹುಟ್ಟಿದವರಂತಿವೆ. ಆದುದರಿಂದ ತಮಿಳು ನಮ್ಮ ಪದಗಳನ್ನು ಕಸಿಯಿತೆಂದು ದೂರುವುದು ನ್ಯಾಯವಲ್ಲ. ಮಿಂಜಿ ಎಂದವರ ನಾಲಗೆಯಲ್ಲಿ ಮಿಂಚು ಅರ್ಧ ಉಳಿದಿದೆ. ಎರಡನ್ನೂ ಬಿಟ್ಟು ‘ಟೋ ರಿಂಗ್’ ಎನ್ನುವ ಮೊಮ್ಮಗಳಿಗೆ ಕಾಲ ಬೆರಳಿನಲ್ಲಿ ಹೊಳೆಯುವ ಮಿಂಚು ಕಾಣದು. ಮನೆಯ ಹಿರಿಯ ಹೆಣ್ಣುಮಕ್ಕಳು ಒಡವೆಯ ಡಬ್ಬಿಯನ್ನು ತೆರೆದಾಗ ಒಂದೊಂದರ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ನಮ್ಮ ಯುವಕ ಯುವತಿಯರು ಈ ವರ್ಷವೇ ಕೈಗೊಂಡರೆ ಒಳ್ಳೆಯದು. ಆ ಹೆಸರುಗಳನ್ನು ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ನಮ್ಮ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟ ಉಂಗುರವೊಂದು ಇನ್ನೂ ಉಳಿದಿದೆ. 1888ರಲ್ಲಿ ಕೊಯಮತ್ತೂರಿನ ಮೊದಲ ನೂಲಿನ ಗಿರಣಿ ಸ್ಥಾಪನೆಯಾಯಿತು. 1930ರ ದಶಕದಲ್ಲಿ ಪೈಕಾರದ ವಿದ್ಯುತ್ತು ಬಂದ ಮೇಲೆ ಗಿರಣಿಗಳು ಸಾಲುಗಟ್ಟಿದುವು. ಅಲ್ಲಿ ನೂಲನ್ನು ಹೊಸೆಯುವುದು ರಿಂಗ್ ಫ್ರೇಮು. ತಿರುಗುವ ಕದಿರಿನ ಸುತ್ತ ಉಕ್ಕಿನ ಉಂಗುರ. ಅದರ ಅಂಚಿನ ಮೇಲೆ ಟ್ರಾವೆಲರ್ ಎಂಬ ಪುಟ್ಟ ಕೊಂಡಿ ನೂಲನ್ನೆಳೆದುಕೊಂಡು ಸುತ್ತು ಹೊಡೆಯುತ್ತದೆ. ಆ ಸುತ್ತಿನಿಂದಲೇ ಹತ್ತಿಗೆ ಹುರಿ ಬೀಳುವುದು. 1828ರಲ್ಲಿ ಅಮೆರಿಕದ ಜಾನ್ ಥಾರ್ಪ್ ಕಂಡುಹಿಡಿದ ಈ ಯಂತ್ರವಿಧಾನವನ್ನು ಜಪಾನೀಯರು ಆಂಗ್ಲಪದದಿಂದಲೇ ‘ರಿಂಗು’ ಎಂದು ಕರೆದರು, ನಾವೂ ಹಾಗೆಯೇ ಕರೆದೆವು. ಚೀನೀಯರು ಮಾತ್ರ ‘ಹ್ವಾನ್‌ದಿಂಗ್’, ಹ್ವಾನಿನ ಕದಿರು, ಎಂದರು. ಶೂನ್‌ಜಿಯ ಕಾಲದಲ್ಲಿ ಹೊರದೂಡಿದ ಮಂತ್ರಿಯನ್ನು ಮರಳಿ ಕರೆದ ಬಳೆಯ ಹೆಸರೇ ಅದು. ಅದರ ಮೇಲೆ ಓಡುವ ಟ್ರಾವೆಲರನ್ನು ಬೆರಳ ತುದಿಯಲ್ಲಿಟ್ಟು ನೋಡಿದವರಿಗೆ ಗೊತ್ತು: ಅದು ಪೂರ್ಣ ವೃತ್ತವಲ್ಲ, ಒಂದೆಡೆ ಬಾಯಿ ತೆರೆದಿರುತ್ತದೆ, ಥೇಟು ಜ್ಯುವೇಯಂತೆ.