ಎರಡನೇ ವರ್ಷದ ಬಾಗಿಲು: ರೋಹಿಣಿಯಲ್ಲಿ ಡಿಪ್ಲೊಮಾದಿಂದ ಪದವಿಗೆ

ಹತ್ತನೇ ತರಗತಿಯ ನಂತರ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರನ್ನು ಎಂಜಿನಿಯರಿಂಗ್ ಪದವಿಯ ಎರಡನೇ ವರ್ಷಕ್ಕೆ ನೇರವಾಗಿ ಸೇರಿಸಿಕೊಳ್ಳುವ ಪದ್ಧತಿಗೆ ಲ್ಯಾಟರಲ್ ಎಂಟ್ರಿ ಎಂದು ಹೆಸರು. ಲೆಕ್ಕ ಸರಳ. ಪಿಯುಸಿ ಹಾದಿಯಲ್ಲಿ ಬಂದವರು ಹನ್ನೆರಡು ವರ್ಷದ ಶಾಲೆಯ ಮೇಲೆ ನಾಲ್ಕು ವರ್ಷ ಓದಿದರೆ, ಡಿಪ್ಲೊಮಾದವರು ಹತ್ತರ ಮೇಲೆ ಮೂರು, ಅದರ ಮೇಲೆ ಇನ್ನೂ ಮೂರು ವರ್ಷ ಓದುತ್ತಾರೆ. ಇಬ್ಬರಿಗೂ ಹದಿನಾರು ವರ್ಷವೇ ಹಿಡಿಯುತ್ತದೆ. ಈ ಪದ್ಧತಿಯ ಇತಿಹಾಸವನ್ನು ಓದಲು ದೆಹಲಿಯ ವಾಯವ್ಯ ಅಂಚಿನ ರೋಹಿಣಿ ಒಳ್ಳೆಯ ಜಾಗ. ಇಲ್ಲಿನ ಅತ್ಯಂತ ಪೈಪೋಟಿಯ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ತಾನೇ ಪಾಲಿಟೆಕ್ನಿಕ್ ಆಗಿತ್ತು.

1937ರಲ್ಲಿ ಅಬಾಟ್ ಮತ್ತು ವುಡ್ ಎಂಬ ಇಬ್ಬರು ಬ್ರಿಟಿಷ್ ಶಿಕ್ಷಣಾಧಿಕಾರಿಗಳು ಭಾರತದ ವೃತ್ತಿಶಿಕ್ಷಣದ ಬಗ್ಗೆ ವರದಿ ಕೊಟ್ಟರು. ಅದರ ಫಲವಾಗಿ 1941ರಲ್ಲಿ ಹಳೇ ದೆಹಲಿಯ ಕಾಶ್ಮೀರಿ ಗೇಟಿನಲ್ಲಿ ದೆಹಲಿ ಪಾಲಿಟೆಕ್ನಿಕ್ ಆರಂಭವಾಯಿತು. ಮೊದಲ ಪ್ರಾಂಶುಪಾಲರು ಡಬ್ಲ್ಯೂ. ಡಬ್ಲ್ಯೂ. ವುಡ್. (ವರದಿ ಬರೆದ ವುಡ್ ಬೇರೆ, ಇವರು ಬೇರೆ.) ಎಂಜಿನಿಯರಿಂಗ್, ವಾಸ್ತುಶಿಲ್ಪ, ಚಿತ್ರಕಲೆ, ವಾಣಿಜ್ಯ ಎಲ್ಲವನ್ನೂ ಒಂದೇ ಆವರಣದಲ್ಲಿ ಕಲಿಸುತ್ತಿದ್ದರು; ಕೆಳಗಿನ ಹಂತದಲ್ಲಿ ತಾಂತ್ರಿಕ ಪ್ರೌಢಶಾಲೆಯೂ ಇತ್ತು. ಯುದ್ಧಕಾಲದ ಕಾರ್ಖಾನೆಗಳಿಗೆ ಕೆಲಸ ಬಲ್ಲವರು ಬೇಕಾಗಿದ್ದರು, ಆದ್ದರಿಂದ ಡಿಪ್ಲೊಮಾ ಎಂದರೆ ಆಗ ಕೀಳರಿಮೆಯ ಮಾತಾಗಿರಲಿಲ್ಲ.

1952ರಲ್ಲಿ ಪಾಲಿಟೆಕ್ನಿಕ್ ದೆಹಲಿ ವಿಶ್ವವಿದ್ಯಾಲಯದ ಅಡಿಗೆ ಬಂದು ಪದವಿ ತರಗತಿಗಳು ಶುರುವಾದವು. ಅಲ್ಲಿಂದ ಒಂದೊಂದೇ ವಿಭಾಗ ಬೇರೆಯಾಗುತ್ತ ಹೋಯಿತು. ವಾಸ್ತುಶಿಲ್ಪ ವಿಭಾಗ 1959ರಲ್ಲಿ ಈಗಿನ ಸ್ಕೂಲ್ ಆಫ್ ಪ್ಲ್ಯಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಸೇರಿತು, ಚಿತ್ರಕಲೆಯದು ಕಾಲೇಜ್ ಆಫ್ ಆರ್ಟ್ ಆಯಿತು. ಉಳಿದ ಎಂಜಿನಿಯರಿಂಗ್ ಭಾಗ 1960ರ ದಶಕದಲ್ಲಿ ದೆಹಲಿ ಕಾಲೇಜ್ ಆಫ್ ಎಂಜಿನಿಯರಿಂಗ್ ಎಂಬ ಹೆಸರು ಪಡೆಯಿತು. ಹೆಸರಿನಿಂದ ಪಾಲಿಟೆಕ್ನಿಕ್ ಎಂಬ ಪದ ಹೋದಂತೆ ಡಿಪ್ಲೊಮಾದವರೂ ಹೊರಗಿನವರಾದರು. ಕೆಲಸದಲ್ಲಿದ್ದ ಡಿಪ್ಲೊಮಾ ಎಂಜಿನಿಯರುಗಳಿಗಾಗಿ ಕಾಲೇಜು ನಡೆಸಿದ ಸಂಜೆ ತರಗತಿಗಳು ಬಹುಕಾಲ ಹಳೆಯ ನಂಟನ್ನು ಉಳಿಸಿದವು. ಹಗಲು ಜೂನಿಯರ್ ಎಂಜಿನಿಯರ್ ಆಗಿ ದುಡಿದು ಸಂಜೆ ಪಾಠಕ್ಕೆ ಕೂರುವುದು ಸುಲಭವಲ್ಲ. ಆದರೂ ಸಂಬಳ ಬಿಡದೆ ಪದವಿ ಪಡೆಯಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ರೋಹಿಣಿ ಹುಟ್ಟಿದ್ದು ಆಮೇಲೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರ 1981ರಲ್ಲಿ ಪ್ರಕಟಿಸಿದ ವಸತಿ ಯೋಜನೆಯಿಂದ ಇಲ್ಲಿ ಸೆಕ್ಟರ್‌ಗಳು ಎದ್ದವು. 1990ರ ದಶಕದಲ್ಲಿ ಕಾಲೇಜು ಕಾಶ್ಮೀರಿ ಗೇಟಿನ ಇಕ್ಕಟ್ಟು ಬಿಟ್ಟು ಇಲ್ಲಿನ ಬವಾನಾ ರಸ್ತೆಯ 164 ಎಕರೆಗೆ ಬಂತು; 2009ರಲ್ಲಿ ದೆಹಲಿ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ಡಿಟಿಯು ಆಯಿತು. ಸೆಕ್ಟರ್ 22ರ ಮಹಾರಾಜ ಅಗ್ರಸೇನ್ ಮತ್ತು ಸೆಕ್ಟರ್ 17ರ ಭಗವಾನ್ ಪರಶುರಾಮ್ ಕಾಲೇಜುಗಳು ಇಂದ್ರಪ್ರಸ್ಥ ವಿಶ್ವವಿದ್ಯಾಲಯಕ್ಕೆ ಸೇರಿದವು. ಸೆಕ್ಟರ್ 15ರಲ್ಲಿ ಗುರು ನಾನಕ್ ದೇವ್ ಹೆಸರಿನ ಸರ್ಕಾರಿ ಪಾಲಿಟೆಕ್ನಿಕ್ ಇತ್ತು. ಅದೀಗ 2020ರಲ್ಲಿ ಸ್ಥಾಪನೆಯಾದ ದೆಹಲಿ ಕೌಶಲ ಮತ್ತು ಉದ್ಯಮಶೀಲತಾ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್. ಹೀಗೆ ಡಿಪ್ಲೊಮಾ ಕೊಡುವ ಸಂಸ್ಥೆಗೂ ಪದವಿ ಕೊಡುವವಕ್ಕೂ ನಡುವೆ ಕೆಲವೇ ಕಿಲೋಮೀಟರ್ ದೂರ.

ಆದರೆ ಸೀಟಿನ ದೂರ ಬೇರೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಒಂದು ಕಾಲಕ್ಕೆ ಮಂಜೂರಾದ ಸೀಟುಗಳ ಶೇ 20ರವರೆಗೆ ಅನುಮತಿಸಿದ್ದ ಲ್ಯಾಟರಲ್ ಎಂಟ್ರಿಯನ್ನು ಮುಂದೆ ಶೇ 10ಕ್ಕೆ ಇಳಿಸಿತು. ಮೊದಲ ವರ್ಷ ಖಾಲಿ ಉಳಿದ ಸೀಟುಗಳನ್ನೂ ಇದಕ್ಕೆ ಬಳಸಿಕೊಳ್ಳಬಹುದು. ಇದರ ಪರಿಣಾಮ ವಿಚಿತ್ರ. ಬೇಡಿಕೆ ಇಲ್ಲದ ಕಾಲೇಜಿನಲ್ಲಿ ಡಿಪ್ಲೊಮಾದವರಿಗೆ ಬೇಕಾದಷ್ಟು ಜಾಗ ಸಿಗುತ್ತದೆ. ಜೆಇಇ ಮೇನ್ ಬರೆದವರು ಮುಗಿಬೀಳುವ ಡಿಟಿಯುನಂಥ ಕಡೆ ಖಾಲಿ ಸೀಟೇ ಅಪರೂಪ, ಹಾಗಾಗಿ ಬಾಗಿಲೂ ಕಿರಿದು. ಡಿಟಿಯು ಡಿಪ್ಲೊಮಾದವರಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ ನಡೆಸಿದ್ದುಂಟು. ಇಂದ್ರಪ್ರಸ್ಥ ವಿಶ್ವವಿದ್ಯಾಲಯ ಡಿಪ್ಲೊಮಾದವರಿಗೆ ಒಂದು, ಬಿ.ಎಸ್‌ಸಿ. ಮುಗಿಸಿ ಇದೇ ಹಾದಿ ಹಿಡಿಯುವವರಿಗೆ ಇನ್ನೊಂದು ಪರೀಕ್ಷೆ ಇಟ್ಟಿತು.

ಒಳಗೆ ಹೋದವರಿಗೆ ಕಾಡುವುದು ಗಣಿತ. ಮೊದಲ ವರ್ಷದ ಕಲನಶಾಸ್ತ್ರ ಓದದೆ ಮೂರನೇ ಸೆಮಿಸ್ಟರ್‌ನಲ್ಲಿ ಕೂರಬೇಕು. ವರ್ಕ್‌ಶಾಪಿನಲ್ಲಿ ಅವರ ಕೈ ಪಳಗಿರುತ್ತದೆ, ಸಮೀಕರಣದ ಮುಂದೆ ತಡವರಿಸುತ್ತದೆ. ಕರ್ನಾಟಕದಲ್ಲಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬರುವವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 'ಮ್ಯಾಟ್‌ಡಿಪ್' ಎಂಬ ಹೆಚ್ಚುವರಿ ಗಣಿತ ಪತ್ರಿಕೆಗಳನ್ನು ಇಟ್ಟದ್ದು ಇದೇ ಕೊರತೆ ತುಂಬಲು.

ಕೆಳಗಿನ ಸಂಸ್ಥೆಯಿಂದ ವಿಶ್ವವಿದ್ಯಾಲಯಕ್ಕೆ ದಾಟುವ ಪ್ರಶ್ನೆಗೆ ಅಮೆರಿಕದಲ್ಲಿ ಬೇರೆ ಉತ್ತರ ಸಿಕ್ಕಿತು. 1901ರಲ್ಲಿ ಜೋಲಿಯೆಟ್ ನಗರದಲ್ಲಿ ಅಲ್ಲಿನ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು ತೆರೆಯಿತು. ಕ್ಯಾಲಿಫೋರ್ನಿಯಾ ರಾಜ್ಯದ 1960ರ ಉನ್ನತ ಶಿಕ್ಷಣ ಯೋಜನೆ, ಇಂಥ ಜೂನಿಯರ್ ಅಥವಾ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿದವರು ರಾಜ್ಯದ ಶ್ರೇಷ್ಠ ವಿಶ್ವವಿದ್ಯಾಲಯಕ್ಕೆ ವರ್ಗವಾಗುವುದನ್ನು ನೀತಿಯಾಗಿಯೇ ಬರೆಯಿತು. ಅಲ್ಲಿ ಮೇಲಿನ ಸಂಸ್ಥೆಯೇ ಜಾಗ ಕಾದಿಡಬೇಕಿತ್ತು. ಭಾರತದಲ್ಲಿ 1990ರ ದಶಕದಲ್ಲಿ ಪುದುಚೇರಿ, ಚೆನ್ನೈಗಳಲ್ಲಿ ಸಮುದಾಯ ಕಾಲೇಜುಗಳು ಬಂದರೂ ಅವು ಉದ್ಯೋಗ ಕೌಶಲದ ಕಡೆ ತಿರುಗಿದವು. ವಿಶ್ವವಿದ್ಯಾಲಯಕ್ಕೆ ಮೆಟ್ಟಿಲಾಗುವ ಕೆಲಸ ಪಾಲಿಟೆಕ್ನಿಕ್‌ಗಳ ಪಾಲಿಗೇ ಉಳಿಯಿತು. 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಒಂದು ಕಡೆ ಗಳಿಸಿದ ಕ್ರೆಡಿಟ್ಟನ್ನು ಇನ್ನೊಂದು ಕಡೆ ಲೆಕ್ಕಕ್ಕೆ ಹಿಡಿಯಲು ವ್ಯವಸ್ಥೆ ಮಾಡಿದೆ. ಆದರೆ ಕ್ರೆಡಿಟ್ ಇದ್ದ ಮಾತ್ರಕ್ಕೆ ಸೀಟು ಹುಟ್ಟುವುದಿಲ್ಲ.

ಇನ್ನು ಐಐಟಿಗಳ ಬಿ.ಟೆಕ್.ಗೆ ಲ್ಯಾಟರಲ್ ಎಂಟ್ರಿಯೇ ಇಲ್ಲ. ರೋಹಿಣಿಯಲ್ಲಿ ಡಿಪ್ಲೊಮಾ ಮುಗಿಸಿದವರು ಹೌಜ್ ಖಾಸ್‌ನ ದೆಹಲಿ ಐಐಟಿ ಸೇರಬೇಕಾದರೆ ಸಾಮಾನ್ಯವಾಗಿ ಬೇರೆಡೆ ಬಿ.ಟೆಕ್. ಮುಗಿಸಿ, ಗೇಟ್ ಪರೀಕ್ಷೆ ಬರೆದು, ಎಂ.ಟೆಕ್.ಗೆ ಅರ್ಜಿ ಹಾಕಬೇಕು.