ಎಡೆದೊರೆ ನಾಡಿನ ಕ್ಷೇತ್ರಯಾತ್ರೆ

ಉತ್ತರದಲ್ಲಿ ಕೃಷ್ಣೆಯೂ ದಕ್ಷಿಣದಲ್ಲಿ ತುಂಗಭದ್ರೆಯೂ ಪ್ರವಹಿಸುತ್ತಿರಲು, ಈ ಉಭಯ ಮಹಾನದಿಗಳ ನಡುವಣ ಭೂಭಾಗಕ್ಕೆ ಪ್ರಾಚೀನ ಶಾಸನಗಳಲ್ಲಿ ಎಡೆದೊರೆ ನಾಡೆಂದು ಹೆಸರು. ಲಿಂಗಸುಗೂರು ಈ ನಾಡಿನ ಮುಖ್ಯ ಪಟ್ಟಣಗಳಲ್ಲೊಂದು. ನಿಜಾಮರ ಆಳ್ವಿಕೆಯಲ್ಲಿ 1905ರ ವರೆಗೆ ಒಂದು ಜಿಲ್ಲೆಯ ಕೇಂದ್ರಸ್ಥಾನವಾಗಿದ್ದು, ಅನಂತರ ರಾಯಚೂರು ಜಿಲ್ಲೆಯಲ್ಲಿ ಸೇರಿತು. ಗುರುಗುಂಟೆಯ ಅಮರೇಶ್ವರನು ಈ ತಾಲ್ಲೂಕಿನ ಭಕ್ತಜನರಿಗೆ ಆರಾಧ್ಯನು. ಇಲ್ಲಿಂದ ಹೊರಟ ಯಾತ್ರಿಕನು ಯಾವ ದಿಕ್ಕಿಗೆ ಹೋದರೂ ಬಹುದೂರ ಪ್ರಯಾಣವಿಲ್ಲದೆಯೇ ಒಂದಿಲ್ಲೊಂದು ಪುಣ್ಯಸ್ಥಳವನ್ನು ಸೇರುವನು.

ಆದರೆ ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿ, ಕರಸ್ಥಲದಲ್ಲಿಯೇ ಶಿವನನ್ನು ಅರ್ಚಿಸುವ ಭಕ್ತನಿಗೆ ಕ್ಷೇತ್ರಯಾತ್ರೆಯಿಂದ ಪ್ರಯೋಜನವೇನೆಂಬ ಶಂಕೆ ಹುಟ್ಟುವುದು ಸಹಜವೇ ಸರಿ. ಬಸವಾದಿ ಪ್ರಮಥರು ಸ್ಥಾವರಕ್ಕಿಂತ ಜಂಗಮವನ್ನೇ ಹಿರಿದೆಂದು ಸಾರಿದರು. ತೀರ್ಥಸ್ನಾನಮಾತ್ರದಿಂದ ಪಾಪವು ಕ್ಷಯಿಸುವುದೆಂಬುದನ್ನು ಅವರು ಒಪ್ಪಲಿಲ್ಲ. ಈ ಶಂಕೆಗೆ ಸಮಾಧಾನವು ಈ ನಾಡಿನ ಸ್ಥಳಗಳಲ್ಲಿಯೇ ದೊರಕುವುದು.

ಆಗ್ನೇಯದ ಮಸ್ಕಿಯನ್ನೇ ಮೊದಲು ನೋಡಬಹುದು. ಅಲ್ಲಿಯ ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿಯಿರುವುದು. ಊರ ಬಳಿಯ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿಯೂ ಪ್ರಾಕೃತ ಭಾಷೆಯಲ್ಲಿಯೂ ಕೊರೆದ ಶಾಸನವನ್ನು, 1915ರಲ್ಲಿ, ಸುವರ್ಣಶೋಧನೆಗೆಂದು ಬಂದಿದ್ದ ಬೀಡನ್ ಎಂಬ ಎಂಜಿನಿಯರನು ಕಂಡುಹಿಡಿದನು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳು ದೇವಾನಾಂಪ್ರಿಯನೆಂಬ ಬಿರುದನ್ನು ಹೇಳುತ್ತಿದ್ದುವೇ ಹೊರತು ಅಶೋಕನೆಂಬ ಹೆಸರನ್ನು ಹೇಳುತ್ತಿರಲಿಲ್ಲ. ಮಸ್ಕಿಯ ಬಂಡೆಯು ಆ ಹೆಸರನ್ನು ಮೊಟ್ಟಮೊದಲು ತಿಳಿಸಿತು. ಇದಕ್ಕಿಂತಲೂ ಮನನೀಯವಾದುದು ಅದರ ಬೋಧೆ. ಧರ್ಮದಲ್ಲಿ ನಿರತನಾದರೆ ಅಲ್ಪನಾದವನೂ ಉನ್ನತಪದವಿಯನ್ನು ಪಡೆಯಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ಭಾವಿಸಬಾರದು ಎಂಬುದು ಅದರ ತಾತ್ಪರ್ಯ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಸಾರ್ವಭೌಮನೊಬ್ಬನು ಈ ಮಾತನ್ನು ಎಡೆದೊರೆಯ ಕಲ್ಲಿನ ಮೇಲೆ ಬರೆಯಿಸಿದನೆಂಬುದು ಶರಣಧರ್ಮದ ಅನುಯಾಯಿಗಳಿಗೆ ವಿಶೇಷ ಸಂತೋಷವನ್ನುಂಟುಮಾಡತಕ್ಕ ಸಂಗತಿಯು.

ಮಸ್ಕಿಯಿಂದ ಮುಂದೆ ಸಿಂಧನೂರು ಪ್ರಾಂತದ ಸಿದ್ಧಪರ್ವತದಲ್ಲಿ ಅಂಬಾಮಠವಿರುವುದು. ಜ್ಞಾನಸಿಂಧುವೆಂಬ ಗ್ರಂಥವನ್ನು ರಚಿಸಿದ ಚಿದಾನಂದಾವಧೂತರ ತಪಸ್ಸಿನಿಂದ ಈ ಸ್ಥಳವು ಪ್ರಸಿದ್ಧವಾಯಿತು. ವೇದಾಂತವನ್ನು ಕನ್ನಡದಲ್ಲಿ ಹೇಳಿ, ಸಂಸ್ಕೃತವನ್ನರಿಯದ ಸ್ತ್ರೀಪುರುಷರಿಗೂ ಅದರ ಬಾಗಿಲನ್ನು ತೆರೆದುದು ಆ ಮಹನೀಯರ ಉಪಕಾರ.

ಲಿಂಗಸುಗೂರಿನ ದಕ್ಷಿಣಕ್ಕಿರುವ ಮುದಗಲ್ಲಿನ ಕೋಟೆಯು ಬೇರೊಂದು ಪಾಠವನ್ನು ಕಲಿಸುವುದು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅನಂತರ ವಿಜಾಪುರದ ಆದಿಲಶಾಹಿಗಳೂ ಈ ದೋಆಬಿಗಾಗಿ ಮೇಲಿಂದ ಮೇಲೆ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಯುದ್ಧದಲ್ಲಿ ಜಯಶಾಲಿಯಾದನು. ಆ ರಾಜ್ಯಗಳೆಲ್ಲವೂ ಅಳಿದುವು. ಅದೇ ಮುದಗಲ್ಲಿನಲ್ಲಿ ಹಿಂದೂ ಮುಸಲ್ಮಾನರು ಕೂಡಿ ಆಚರಿಸುವ ಮೊಹರಮ್ ಮಾತ್ರ ಇಂದಿಗೂ ಸುಪ್ರಸಿದ್ಧವಾಗಿರುವುದು.

ಪಶ್ಚಿಮದಲ್ಲಿ ಕೃಷ್ಣಾ ಮಲಪ್ರಭೆಗಳು ಕೂಡುವೆಡೆಯಲ್ಲಿ ಕೂಡಲಸಂಗಮವು ವಿರಾಜಿಸುವುದು. ಉಪನಯನವನ್ನು ತಿರಸ್ಕರಿಸಿ ಮನೆಯನ್ನು ತೊರೆದ ಬಾಲಬಸವನಿಗೆ ಆಶ್ರಯವಿತ್ತ ಸ್ಥಳವಿದು. ಕಲ್ಯಾಣದ ಮಹಾಕಾರ್ಯವು ಮುಗಿದ ಬಳಿಕ ಅವರು ಲಿಂಗೈಕ್ಯರಾದುದೂ ಇಲ್ಲಿಯೇ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಈ ಸ್ಥಳವನ್ನು ಆವರಿಸುವಂತಾಗಲು, ಐಕ್ಯಸ್ಥಾನದ ಸುತ್ತಲೂ ಗೋಡೆಯನ್ನೆತ್ತಿ ಅದನ್ನು ಸಂರಕ್ಷಿಸಲಾಯಿತು. ಇಂದು ಯಾತ್ರಿಕನು ನೀರಿನ ನಡುವೆ ಬಾವಿಗಿಳಿದಂತೆ ಇಳಿದು ಆ ಸನ್ನಿಧಿಯನ್ನು ಸೇರುವನು. ಹೀಗೆ ಕಾಯ್ದುದು ಶಿಲೆಯ ಮೇಲಣ ಮೋಹದಿಂದಲ್ಲ, ಅಲ್ಲಿ ಬಾಳಿದ ಮಹಾಪುರುಷನ ಸ್ಮರಣೆಗಾಗಿ ಎಂಬುದನ್ನು ಶಿಷ್ಯರು ಮರೆಯಲಾಗದು.

ಸಂಗಮದಿಂದ ಲಿಂಗಸುಗೂರಿಗೆ ಹಿಂದಿರುಗುವಾಗ ಇಳಕಲ್ಲಿನ ವಿಜಯ ಮಹಾಂತೇಶ್ವರ ಮಠವನ್ನು ದರ್ಶಿಸಬಹುದು. ಈ ಪೀಠದ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆಯನ್ನು ಹಿಡಿದು ಹೊರಟರು. ಜಂಗಮರ ಜೋಳಿಗೆಗೆ ಧಾನ್ಯವನ್ನು ನೀಡುವುದು ವಾಡಿಕೆ. ಇವರಾದರೋ ಮದ್ಯ, ತಂಬಾಕು ಮೊದಲಾದ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನೆಯ ದಿನವು ನಾಡಿನಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲ್ಪಡುತ್ತಿರುವುದು.

ಇದರಿಂದ ಶರಣರ ಮಾರ್ಗಕ್ಕೂ ಕ್ಷೇತ್ರದರ್ಶನಕ್ಕೂ ವಿರೋಧವಿಲ್ಲವೆಂದು ಸ್ಪಷ್ಟವಾಗುವುದು. ಪುಣ್ಯವನ್ನು ಗಂಟುಕಟ್ಟಿ ತರಲು ಹೊರಟವನು ಬರಿಗೈಯಲ್ಲಿ ಮರಳುವನು. ಅಲ್ಪರೆನಿಸಿದವರನ್ನು ಮೇಲೆತ್ತಿದ ಮಹನೀಯರನ್ನು ನೆನೆದು, ತನ್ನ ಮದವನ್ನೂ ದುಶ್ಚಟವನ್ನೂ ದಾರಿಯಲ್ಲಿಯೇ ಬಿಟ್ಟುಬಂದು, ಮನೆಯಲ್ಲಿ ಕಾಯಕ ದಾಸೋಹಗಳನ್ನು ಮತ್ತೆ ಕೈಗೊಳ್ಳುವವನ ಯಾತ್ರೆಯೇ ಸಫಲವು. ಶ್ರೀಮಠದ ಸದ್ಭಕ್ತರೆಲ್ಲರಿಗೂ ಇಂಥ ಯಾತ್ರೆಯು ಲಭಿಸಲಿ.

ಶುಭಮಸ್ತು.